ವಿಭೂತಿ ಬಣ್ಣದ ಕರಡಿಗೆ

ವಯಸ್ಸಾದಂತೆ ಮರೆವು ಬರುತ್ತದೆ, ಅದೂ ಒಂದು ಕೃಪೆಯೇ ಎಂದು ನನಗೆ ಬುದ್ಧಿ ಹೇಳುವವರಿದ್ದಾರೆ. ಹಾಗೆ ಹೇಳುವವರೆಲ್ಲ ನಾನು ಮರೆಯಬೇಕಾದಂಥದ್ದೇನನ್ನೋ ಮಾಡಿದವರೇ ಆಗಿರುತ್ತಾರೆ ಎಂಬುದನ್ನು ಗಮನಿಸಿದ್ದೇನೆ. ನನಗೆ ಮರೆವು ಬಂದಿಲ್ಲ. ಅಕ್ಕ ತೀರಿಕೊಂಡ ಮೇಲಾದರೂ ಬಂದೀತೆಂದು ಕೆಲವರು ಕಾದರು, ಆಗಲೂ ಬರಲಿಲ್ಲ. ಆದ್ದರಿಂದ ಒಂದು ಕರಡಿಗೆಯ ವಿಚಾರವನ್ನು, ಅದು ಯಾಕೆ ಬೇಕಾಯಿತು, ಹೇಗೆ ಒಡೆಯಿತು, ಮತ್ತೆ ಹೇಗಾಯಿತು, ಕೊನೆಗೆ ಎಲ್ಲಿಗೆ ಹೋಯಿತು ಎಂಬುದನ್ನು ಕ್ರಮವಾಗಿ ಬರೆದಿಡುತ್ತೇನೆ.

ನಮ್ಮದು ಎದೆಯ ಮೇಲೆ ಇಷ್ಟಲಿಂಗ ಧರಿಸುವ ಮನೆತನ. ಆ ಲಿಂಗವನ್ನು ಇಡುವ, ಮೊಟ್ಟೆಯಾಕಾರದ ಪುಟ್ಟ ಸಂಪುಟವೇ ಕರಡಿಗೆ. ಸಾಮಾನ್ಯವಾಗಿ ಅದು ಬೆಳ್ಳಿಯದು. ಶಿವದಾರ ಅದರ ಎರಡು ಕಿವಿಗಳ ಮೂಲಕ ಹಾದು ಕುತ್ತಿಗೆಗೆ ಬರುತ್ತದೆ. ದಾರ ಬಿಗಿಯಾದರೆ ಮುಚ್ಚಳ ಕಚ್ಚಿಕೊಳ್ಳುತ್ತದೆ. ಅಕ್ಕನ ಮದುವೆಯಲ್ಲಿ ಅವ್ವ ತನ್ನ ಕರಡಿಗೆಯನ್ನೇ ಬಿಚ್ಚಿ ಅವಳಿಗೆ ಕಟ್ಟಿದ್ದಳು.

ಅಕ್ಕನ ಗಂಡ ಮದುವೆಯಾಗಿ ಬಹಳ ಕಾಲ ಬದುಕಲಿಲ್ಲ. ಅವರ ಮನೆ ಮೂಡಿಗೆರೆಯ ಕಡೆ. ಅವಳನ್ನು ಕರೆತರಲು ಅಪ್ಪನ ಜೊತೆ ನಾನೂ ಹೋಗಿದ್ದೆ. ಜಗಲಿಯ ಬೆಂಚಿನ ಮೇಲೆ ನಮ್ಮನ್ನು ಕೂರಿಸಿದರು; ನೀರು ಕೊಡಲಿಲ್ಲ. ಒಳಗಿನಿಂದ ಅಕ್ಕನ ಅತ್ತೆ ಬಂದರು. ಅಕ್ಕನ ಕುತ್ತಿಗೆಯಿಂದ ಶಿವದಾರವನ್ನು ತಾವೇ ತೆಗೆದು, ಕರಡಿಗೆ ಬಿಚ್ಚಿ, ಲಿಂಗವನ್ನು ಒಂದು ಬಿಳಿಯ ಬಟ್ಟೆಯಲ್ಲಿ ಸುತ್ತಿ ಅವಳ ಅಂಗೈಯಲ್ಲಿಟ್ಟರು. "ಲಿಂಗ ನಿನ್ನದು, ಕರಡಿಗೆ ನಮ್ಮದು" ಎಂದರು. ಅದು ನಮ್ಮ ಅವ್ವನದೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಪ್ಪ ಅವಳ ಟ್ರಂಕನ್ನು ಎತ್ತಿಕೊಂಡು ಅಂಗಳಕ್ಕೆ ಇಳಿದರು. ಅಕ್ಕ ಬಟ್ಟೆಯ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಸ್ಸು ಹತ್ತಿದಳು. ಊರು ತಲುಪುವವರೆಗೂ ಆ ಮುಷ್ಟಿ ಬಿಚ್ಚಲಿಲ್ಲ.

ಆಮೇಲೆ ಅಪ್ಪ ಅವಳಿಗೆ ಬೇರೊಂದು ಬೆಳ್ಳಿಯ ಕರಡಿಗೆ ಮಾಡಿಸುತ್ತೇನೆಂದರು. ಅವಳು ಒಪ್ಪಲಿಲ್ಲ. ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿ ಧರಿಸುವುದೂ ಶಾಸ್ತ್ರಕ್ಕೆ ಹೊರತಲ್ಲ; ಹಾಗೆಯೇ ಧರಿಸಿಕೊಂಡಳು, ಬದುಕಿರುವಷ್ಟು ಕಾಲ.

ಚಿಕ್ಕಮಗಳೂರಿನ ಪೇಟೆಯಲ್ಲಿ, ಒಣಗಿದ ಕಾಫಿಯ ಹೊಟ್ಟು ಬಿಡಿಸುವ ಒಂದು ಕ್ಯೂರಿಂಗ್ ವರ್ಕ್ಸಿನ ಹಿಂದಿನ ಓಣಿಯಲ್ಲಿ ನಮ್ಮ ಅಂಗಡಿ. ವಿಭೂತಿ, ರುದ್ರಾಕ್ಷಿ, ಶಿವದಾರ ಮಾರುತ್ತಿದ್ದ ಅಂಗಡಿ ಅದು. ಗಿರಿಯ ಮೇಲಿನ ದರ್ಗಾದ ಉರುಸಿಗೆ ವರ್ಷವರ್ಷವೂ ಉಂಗುರದ ಕಲ್ಲು ಮಾರಲು ಬರುತ್ತಿದ್ದ ಗುಜರಾತಿನ ಕಡೆಯ ಒಬ್ಬ ಹಿರಿಯರು, ಒಂದು ವರ್ಷ ನಮ್ಮ ಹಿಂದಿನ ಕೋಣೆಯನ್ನು ಬಾಡಿಗೆಗೆ ಕೇಳಿದರು. ಪೇಟೆಯವರು ಅಗೇಟ್ ಎನ್ನುವ ಕಲ್ಲಿಗೆ ಅವರು ಅಕೀಕ್ ಎನ್ನುತ್ತಿದ್ದರು. ನಾವು ಅವರಿಗೆ ಉಸ್ತಾದರು ಎಂದೆವು. ಒಂದು ಮಳೆಗಾಲಕ್ಕೆಂದು ಬಂದವರು ಬಹಳ ವರ್ಷ ಉಳಿದರು. ಆ ಕೋಣೆಯನ್ನು ಅವರಿಗೆ ಕೊಟ್ಟದ್ದಕ್ಕೆ ಓಣಿಯಲ್ಲಿ ಯಾರು ಯಾರು ನಮ್ಮ ಅಂಗಡಿಯ ವಿಭೂತಿ ಕೊಳ್ಳುವುದನ್ನು ಬಿಟ್ಟರೆಂಬುದು ನನಗೆ ಬಾಯಿಪಾಠವಿದೆ. ಅವರ ಮಕ್ಕಳು ಈಗ ನನಗೆ ನಮಸ್ಕಾರ ಮಾಡುತ್ತಾರೆ. ನಾನೂ ಮಾಡುತ್ತೇನೆ, ಅಷ್ಟೇ.

ಉಸ್ತಾದರಿಂದ ನಾನು ಕಲ್ಲು ಕೊಯ್ಯುವುದನ್ನೂ ರೂಪ ಕೊಡುವುದನ್ನೂ ಕಲಿತೆ. ನೆಲಕ್ಕೆ ಹೂತ ಕಬ್ಬಿಣದ ಮೊಳೆಗೆ ಕಲ್ಲನ್ನು ಆನಿಸಿ, ಎಮ್ಮೆಯ ಕೊಂಬಿನ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಚಕ್ಕೆ ಎಬ್ಬಿಸುವುದು, ಅರಗಿನಲ್ಲಿ ಕುರುಂದವೆಂಬ ಗಡಸು ಕಲ್ಲಿನ ಪುಡಿ ಕೂಡಿಸಿ ಮಾಡಿದ ಸಾಣೆಯ ಮೇಲೆ ತೇಯುವುದು ನನ್ನ ಪಾಲಿನ ಕೆಲಸ. ಹೊಳಪು ಕೊಡುವುದು ಅಕ್ಕನ ಪಾಲು. ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುವ ಹಾಲವಾಣದ ಮೆತ್ತನೆಯ ಮರದಿಂದ ಅವಳ ಚಕ್ರಗಳಾಗುತ್ತಿದ್ದವು. ಕೊನೆಯ ಮೆರುಗು ಚರ್ಮದ ಪಟ್ಟಿಯ ಮೇಲೆ, ಅದೇ ಕಲ್ಲಿನ ನುಣ್ಣನೆಯ ಕೆಸರಿನಿಂದ. ನಾವು ಮಾಡುತ್ತಿದ್ದದ್ದು ಕುಂಕುಮದ ಭರಣಿ, ಪುಟ್ಟ ಬಟ್ಟಲು, ಚಾಕುವಿನ ಹಿಡಿ, ಮೇಜಿನ ಮೇಲಿಡುವ ಕಲ್ಲುಮೊಟ್ಟೆ. ಕಲ್ಲು ಉಜ್ಜುವವನಿಗೆ ಹೆಣ್ಣು ಕೊಡುವುದಿಲ್ಲವೆಂದು ನನಗೆ ಹೇಳಿಕಳಿಸಿದ ಮನೆಗಳವರೇ ತಮ್ಮ ಮಕ್ಕಳ ಮದುವೆಗೆ ನಮ್ಮ ಭರಣಿಗಳನ್ನು ಉಡುಗೊರೆ ಕೊಟ್ಟರು. ಅದು ಬೇರೆ ಕಥೆ.

ಉಸ್ತಾದರ ನಿಯಮಗಳಲ್ಲಿ ಎರಡನ್ನು ಇಲ್ಲಿ ಹೇಳಬೇಕು. ಮೊದಲನೆಯದು ಬೆಂಕಿಯದು. ಅಕೀಕು ನೆಲದಿಂದ ಬರುವಾಗ ಬೂದು, ಮಂಕು. ಅದನ್ನು ಮಣ್ಣಿನ ಮಡಕೆಯೊಳಗೆ ಬೂದಿಯಲ್ಲಿ ಹುದುಗಿಸಿ, ಸುತ್ತಲೂ ಸಣ್ಣ ಬೆಂಕಿಯಿಟ್ಟು ನಿಧಾನವಾಗಿ ಬೇಯಿಸಿದರೆ ಒಳಗಿನ ಕೆಂಪು ಮೇಲೆ ಬರುತ್ತದೆ. ನಮ್ಮಲ್ಲಿ ಬೆಂಕಿಗೆ ಕ್ಯೂರಿಂಗ್ ವರ್ಕ್ಸಿನ ಕಾಫಿ ಹೊಟ್ಟು. ಅದು ಉರಿಯದೆ ಒಳಗೊಳಗೇ ಕಾಯುತ್ತದೆ. ಆದರೆ ಬೆಂಕಿಗಿಡುವ ಮೊದಲು ಕಲ್ಲನ್ನು ತಿಂಗಳುಗಟ್ಟಲೆ ಬಿಸಿಲಿನಲ್ಲಿ ಒಣಗಿಸಬೇಕು. "ಕಲ್ಲು ಕುಡೀತದೆ ಬೇಟಾ" ಎನ್ನುತ್ತಿದ್ದರು ಉಸ್ತಾದರು. "ಮೇಲೆ ಒರೆಸಿದ್ರೆ ಒಣಗಿದ ಹಾಗೆ ಕಾಣ್ತದೆ. ಹೊಟ್ಟೆಯೊಳಗೆ ನೀರು ಇರ್ತದೆ. ಕುಡಿದ ಕಲ್ಲನ್ನ ಬೆಂಕಿಗೆ ಕಳಿಸಿದ್ರೆ ಅದು ಚೀರ್ತದೆ."

ಎರಡನೆಯದು ಉಸಿರಿನದು. ಹೊಳಪು ಮುಗಿದ ವಸ್ತುವನ್ನು ಬಾಯಿಯ ಹತ್ತಿರ ಹಿಡಿದು ಹಾ ಎಂದು ಉಸಿರು ಬಿಡಬೇಕು. ಕಲ್ಲಿನ ಮೇಲೆ ಮಂಜು ಕೂರುತ್ತದೆ. ಹೊಳಪು ಸರಿಯಿದ್ದರೆ ಅದು ಒಂದೇ ಸಮನೆ ಆರಿಹೋಗುತ್ತದೆ. ಎಲ್ಲಾದರೂ ಗೀರು ಉಳಿದಿದ್ದರೆ ಅಲ್ಲಿ ಮಂಜು ಎಳೆಯಾಗಿ ನಿಲ್ಲುತ್ತದೆ. ಉಜ್ಜಿದವರು ತಾವೇ ಊದಬಾರದು, ಇನ್ನೊಬ್ಬರು ಊದಬೇಕು. ಉಜ್ಜಿದವರ ಕಣ್ಣು ತನಗೆ ಬೇಕಾದದ್ದನ್ನೇ ನೋಡುತ್ತದೆ. ಮಳೆಗಾಲದಲ್ಲಿ ಊದಬಾರದು, ಗಾಳಿಯೇ ಒದ್ದೆಯಾಗಿರುವಾಗ ಮಂಜು ಸುಳ್ಳು ಹೇಳುತ್ತದೆ. ಊದಿ ನೋಡದ ವಸ್ತು ಅಂಗಡಿಯ ಹೊಸಿಲು ದಾಟಬಾರದು. ಉಸ್ತಾದರು ತಮ್ಮೂರಿಗೆ ಹಿಂತಿರುಗಿ ಕೆಮ್ಮಿ ಕೆಮ್ಮಿ ತೀರಿಕೊಂಡ ಮೇಲೂ ನಾವು ಈ ನಿಯಮಗಳನ್ನು ಸಡಿಲಿಸಲಿಲ್ಲ. ಅತ್ತಿಗುಂಡಿಯ ಕಡೆಯ ಒಂದು ರೆಸಾರ್ಟಿನವರು ಆಷಾಢದಲ್ಲಿ ಬಟ್ಟಲುಗಳಿಗೆ ಅವಸರ ಮಾಡಿದಾಗ, ಬಿಸಿಲು ಬರಲಿ ಎಂದು ಹೇಳಿ ಕಳಿಸಿದೆವು. ಅವರು ಮತ್ತೆ ಬರಲಿಲ್ಲ. ನಾವೂ ಕರೆಯಲಿಲ್ಲ.

ಉಸ್ತಾದರು ಹೊರಡುವಾಗ ಅಕ್ಕನಿಗೆ ಒಂದು ಕಲ್ಲನ್ನು ಬಿಟ್ಟುಹೋಗಿದ್ದರು, ಸಣ್ಣ ತೆಂಗಿನಕಾಯಿಯಷ್ಟು ದಪ್ಪನೆಯದು. "ಇದು ಮಾರೋದಕ್ಕಲ್ಲ ಬೇಟಿ, ನಿನ್ನ ಸಲುವಾಗಿ ಏನಾದ್ರೂ ಮಾಡ್ಕೋ" ಎಂದಿದ್ದರು. ಅದು ನಮ್ಮ ಕೆಲಸದ ಮಣೆಯ ಕೆಳಗೆ ವರ್ಷಗಟ್ಟಲೆ ಕುಳಿತಿತ್ತು.

ಕೆಲವು ವರ್ಷಗಳ ಹಿಂದೆ ಅಕ್ಕನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಆಸ್ಪತ್ರೆಗೆ ಕರೆದೊಯ್ದೆ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದ ಯುವ ವೈದ್ಯರು ಅವಳನ್ನು ಬಿಟ್ಟು ನನ್ನನ್ನು ಕೇಳಿದರು: "ಅಮ್ಮ ಬೀಡಿ ಸೇದ್ತಾರಾ?"

ನಾನು ಕೆಂಡವಾದೆ. ಅಕ್ಕನೇ ಉತ್ತರ ಕೊಟ್ಟಳು. "ಇಲ್ಲ ಡಾಕ್ಟ್ರೇ, ಕಲ್ಲು ಸೇದ್ತೀನಿ."

ನೀರು ಹನಿಸಿಕೊಂಡೇ ಉಜ್ಜಿದರೂ, ಒಣಗಿದ ಕೆಸರು ಧೂಳಾಗಿ ಎದೆಗೆ ಇಳಿಯುತ್ತದೆ. ಇಳಿದದ್ದು ಹೊರಗೆ ಬರುವುದಿಲ್ಲ ಎಂದು ಆ ವೈದ್ಯರು, ವಿಷಯ ತಿಳಿದ ಮೇಲೆ, ಮೆತ್ತಗಿನ ದನಿಯಲ್ಲಿ ಹೇಳಿದರು. ಎಷ್ಟು ಕಾಲ ಎಂದು ಅಕ್ಕ ಕೇಳಲಿಲ್ಲ. ಮನೆಗೆ ಬಂದು ಮಣೆಯ ಕೆಳಗಿನ ಕಲ್ಲನ್ನು ಕಾಲಿನಿಂದ ಸರಿಸಿ ಹೊರಗೆ ತಂದಳು. ಬಗ್ಗಿದರೆ ಅವಳಿಗೆ ಉಸಿರು ಕಟ್ಟುತ್ತಿತ್ತು.

"ಇದರಲ್ಲಿ ನಂಗೊಂದು ಕರಡಿಗೆ ಮಾಡಿಕೊಡು. ಮೆರುಗು ನಾನೇ ಕೊಡ್ತೀನಿ" ಎಂದಳು.

"ಬೆಳ್ಳಿಯದು ಬೇಡ ಅಂದೋಳು ಕಲ್ಲಿಂದು ಕೇಳ್ತೀಯಲ್ಲ? ಭಾರ ಆಗ್ತದೆ."

"ಆಗ್ಲಿ. ಬೆಳ್ಳಿ ಕಂಡ್ರೆ ಜನ ಕೈ ಚಾಚ್ತಾರೆ. ಕಲ್ಲಿಗೆ ಯಾರು ಚಾಚ್ತಾರೆ?" ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು. "ಒಂದು ಮಾತು. ನಾನು ಹೋದಾಗ ಅದು ನನ್ನ ಕುತ್ತಿಗೇಲೇ ಇರ್ಬೇಕು. ಇನ್ನೊಂದ್ಸಲ ಯಾರೂ ಬಿಚ್ಚಬಾರ್ದು."

ನಮ್ಮಲ್ಲಿ ಸತ್ತವರನ್ನು ಕೂರಿಸಿ ಸಮಾಧಿ ಮಾಡುತ್ತಾರೆ. ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟು ಮಣ್ಣಿಗೆ ಒಪ್ಪಿಸುತ್ತಾರೆ. ಬೆಳ್ಳಿಯ ಕರಡಿಗೆಯನ್ನು ಮಾತ್ರ ಬಿಚ್ಚಿ ಮನೆಯವರಿಗೆ ಕೊಡುತ್ತಾರೆ. ಅಕ್ಕ ಕೇಳಿದ್ದು ಆ ಪದ್ಧತಿಗೆ ವಿರುದ್ಧವಾದದ್ದನ್ನು. ನಾನು ಆಗಲಿ ಎಂದೆ.

ಕಲ್ಲನ್ನು ನಡುವೆ ಕೊಯ್ದೆ. ಒಂದು ಅರ್ಧ ಗಟ್ಟಿ, ಒಳಗೆಲ್ಲ ಪದರ ಪದರದ ಗೆರೆ. ಇನ್ನೊಂದರ ನಡುವೆ ಪೊಳ್ಳು, ಪೊಳ್ಳಿನ ಗೋಡೆಗೆ ಸಕ್ಕರೆಯಂಥ ಹರಳು. ಪೊಳ್ಳಿನದನ್ನು ಕೆಲಸಕ್ಕೆ ಬಾರದ್ದೆಂದು ಮತ್ತೆ ಮಣೆಯ ಕೆಳಗೆ ತಳ್ಳಿದೆ. ಗಟ್ಟಿಯಾದದ್ದರಲ್ಲಿ ಕರಡಿಗೆಯ ಎರಡು ಭಾಗಗಳನ್ನು ಒರಟಾಗಿ ಬಿಡಿಸಿದೆ. ಇನ್ನು ಒಣಗಿಸಬೇಕಾಗಿತ್ತು.

ಮೊದಲು ನಮ್ಮ ಹಿತ್ತಲಿನಲ್ಲೇ ಒಣಗಿಸುತ್ತಿದ್ದೆವು. ಪಕ್ಕದಲ್ಲಿ ಪ್ರವಾಸಿಗರಿಗಾಗಿ ನಾಲ್ಕು ಅಂತಸ್ತಿನ ಲಾಡ್ಜು ಎದ್ದ ಮೇಲೆ ಅಲ್ಲಿ ಮಧ್ಯಾಹ್ನವೂ ನೆರಳು. ಕಟ್ಟುವಾಗ ಆ ಮಾಲೀಕರಲ್ಲಿ ವಿನಯದಿಂದಲೇ ಹೇಳಿಕೊಂಡಿದ್ದೆ. "ಬಿಸಿಲು ನಿಮ್ಮ ಹೆಸರಲ್ಲಿ ರಿಜಿಸ್ಟ್ರಾಗಿದ್ಯಾ ಸ್ವಾಮಿ?" ಎಂದು ಅವರು ತಮ್ಮ ಗಾರೆಯವರ ಮುಂದೆ ನಕ್ಕಿದ್ದರು. ಆ ನಗುವಿನ ಬೆಲೆಯನ್ನು ನಾವು ಪ್ರತಿ ವರ್ಷವೂ ತೆತ್ತಿದ್ದೇವೆ.

ಆಗ ಮುಂದೆ ಬಂದವನು ನಮ್ಮ ದೊಡ್ಡಪ್ಪನ ಮಗ. ನನ್ನ ವಾರಿಗೆಯವನು, ಮಲ್ಲಂದೂರಿನ ಬಳಿ ಕಾಫಿ ಎಸ್ಟೇಟ್ ಇಟ್ಟುಕೊಂಡಿದ್ದಾನೆ. ಸಂಕ್ರಾಂತಿ ಕಳೆದು ಪೇಟೆಗೆ ಬಂದಿದ್ದವನು ಅಂಗಡಿಯ ಮುಂದೆ ಜೀಪು ನಿಲ್ಲಿಸಿ ವಿಷಯ ಕೇಳಿದ.

"ನನ್ನ ಕಣದಲ್ಲಿ ಇಡ್ಸು ಮಾರಾಯ. ಕಾಫಿ ಒಣಗ್ತಿದೆ, ಅದರ ಪಕ್ಕ ಇದೂ ಒಣಗ್ಲಿ."

"ಸಂಜೆ ಮುಚ್ಬೇಕು. ಇಬ್ಬನಿ ತಾಗಬಾರ್ದು. ಮಳೆಯಂತೂ ತಾಗಲೇಬಾರ್ದು."

"ಕಾಫಿಗೆ ಟಾರ್ಪಾಲು ಹೊದಿಸೋವಾಗ ಇದಕ್ಕೂ ಹೊದಿಸ್ತಾರೆ. ಮೇಸ್ತ್ರಿ ಇದ್ದಾನೆ ಕಾವಲಿಗೆ. ಹೆದ್ರಬೇಡ, ಇದನ್ನ ಕದ್ದೋನು ಹುರಿದು ಪುಡಿ ಮಾಡ್ಸಕ್ಕಾಗಲ್ಲ!"

ಅಕ್ಕ ನಕ್ಕಳು. ನಾನೇ ಹೋಗಿ, ಕಣದ ಅಂಚಿನಲ್ಲಿ ಅಗಲವಾದ ಕಬ್ಬಿಣದ ತಟ್ಟೆಯಲ್ಲಿ ಎರಡು ಭಾಗಗಳನ್ನು ಇಟ್ಟು, ಮೇಸ್ತ್ರಿಗೂ ಅವನಿಗೂ ಬೇರೆ ಬೇರೆಯಾಗಿ ಎಲ್ಲವನ್ನೂ ತಿಳಿಸಿ ಬಂದೆ.

ಶಿವರಾತ್ರಿಯ ನಂತರ ಒಂದು ಬೆಳಿಗ್ಗೆ ಅವನ ಫೋನು ಬಂತು. ಅಷ್ಟು ಸಂತೋಷದ ದನಿಯನ್ನು ನಾನು ಅವನ ಮಗಳ ಮದುವೆಯಲ್ಲೂ ಕೇಳಿರಲಿಲ್ಲ. "ಹೂಮಳೆ ಬಂತು ಮಾರಾಯ! ಸರಿಯಾದ ಹೊತ್ತಿಗೆ, ಸರಿಯಾಗಿ ಬಂತು. ತೋಟ ಗೆದ್ದಂಗೆ ಈ ವರ್ಷ!"

"ಕಲ್ಲು?" ಎಂದೆ.

"ಕಲ್ಲು ಎಲ್ಲಿ ಹೋಗ್ತದೆ? ಇಟ್ಟಲ್ಲೇ ಇದೆ."

ನಾನು ಕೇಳಿದ್ದು ಅದು ಇದೆಯೇ ಎಂದಲ್ಲ. ಕೆಲವು ದಿನಗಳ ನಂತರ ಕಲ್ಲನ್ನು ಅವನೇ ಜೀಪಿನಲ್ಲಿ ತಂದುಕೊಟ್ಟ. ನೆನೆಯಿತೇ ಎಂದು ನೇರವಾಗಿ ಕೇಳಿದೆ. ಒಣಗಿದ ಕಾಫಿಯನ್ನು ಅಂಗೈಯಲ್ಲಿ ಹೊರಳಿಸಿ ನೋಡುವಂತೆ ಕಲ್ಲನ್ನು ಹೊರಳಿಸಿ, "ಗರಿಗರಿ ಒಣಗಿದೆ, ಮುಟ್ಟಿ ನೋಡು" ಎಂದ. ಮುಟ್ಟಿದೆ. ಬಿಸಿಲಿನ ಕಾವು ಇನ್ನೂ ಅದರಲ್ಲಿತ್ತು. ಅವನ ಮಾತನ್ನು ನಂಬಿದೆ.

ಮರುದಿನ ಬೆಳಿಗ್ಗೆ ಮಡಕೆಯನ್ನು ಹೊಟ್ಟಿನ ನಡುವೆ ಇಟ್ಟು ಕಿಡಿ ತಾಗಿಸಿದೆವು. ಅಕ್ಕ ಹಿತ್ತಲಿನಲ್ಲಿ ಮಣೆ ಹಾಕಿಕೊಂಡು ಕುಳಿತಿದ್ದಳು. ಮಧ್ಯಾಹ್ನದ ಹೊತ್ತಿಗೆ ಮಡಕೆಯೊಳಗಿನಿಂದ ಹುರಿಗಡಲೆ ಸಿಡಿದಂತೆ ಒಂದು ಸದ್ದು ಬಂತು. ಸ್ವಲ್ಪ ಬಿಟ್ಟು ಇನ್ನೊಂದು. ಆಮೇಲೆ ಬಿಡದೆ ಬಂದವು. ನಾನು ಮಡಕೆಯ ಕಡೆಗೆ ಧಾವಿಸಿದೆ. ಕಾದ ಮಡಕೆಯನ್ನು ತೆರೆಯಬಾರದೆಂಬ ನಿಯಮವೂ ನನಗೆ ನೆನಪಾಗಲಿಲ್ಲ.

"ಬಿಡು," ಎಂದಳು ಅಕ್ಕ. ಎದ್ದಿರಲಿಲ್ಲ. "ಅದು ಹೋಯ್ತು."

ಆರಿದ ಮೇಲೆ ತೆರೆದಾಗ ಬೂದಿಯಲ್ಲಿ ಚೂರುಗಳಿದ್ದವು. ಬಣ್ಣ ಬಂದಿತ್ತು. ನಾನು ಕಂಡ ಅಕೀಕುಗಳಲ್ಲೆಲ್ಲ ಒಳ್ಳೆಯ ಕೆಂಪು ಅದು. ಹಣ್ಣಾದ ಕಾಫಿಯ ಕೆಂಪು. ಅಂಥ ಕೆಂಪನ್ನು ಬೆರಳಿನ ಸಂದಿನಲ್ಲಿ ಹಿಡಿದು ನಾನು ನಿಂತಿದ್ದೆ.

ಮಾರನೆಯ ದಿನವೇ ಮಲ್ಲಂದೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಾಫಿ ತೋಟಗಳು ಬೆಳ್ಳಗೆ ಅರಳಿ ನಿಂತಿದ್ದವು. ಗಿಡಗಳ ಮೇಲೆ ಎಲೆ ಕಾಣದಷ್ಟು ಹೂವು. ಬಸ್ಸಿನೊಳಗೂ ಅದರದೇ ವಾಸನೆ. ಅದೇ ಮಳೆಗೆ ಅರಳಿದ ಹೂವು ಅವು. ಪಕ್ಕದಲ್ಲಿದ್ದ ಹೆಂಗಸೊಬ್ಬರು ಕಿಟಕಿಯಾಚೆ ನೋಡಿ ಕೈ ಮುಗಿದರು. ನಾನು ಮುಗಿಯಲಿಲ್ಲ.

ಕಣದ ಹತ್ತಿರ ಮೊದಲು ಸಿಕ್ಕಿದವನು ಮೇಸ್ತ್ರಿ. ಅವನಲ್ಲಿ ಯಾವ ಕಪಟವೂ ಇರಲಿಲ್ಲ. "ಆವತ್ತು ಮಳೆ ಜೋರು ಬಂತಲ್ಲ ಅಯ್ಯಾ, ಎಲ್ರೂ ಕಾಫಿ ಮುಚ್ಚಕ್ಕೆ ಓಡಿದ್ವಿ. ನಿಮ್ಮ ತಟ್ಟೇಲಿ ನೀರು ತುಂಬಿ ನಿಂತಿತ್ತು. ಮಾರನೇ ದಿನ ಪೂಜೆ, ಪಾಯಸ ಅಂತ ಯಾರೂ ಅತ್ತ ಹೋಗಿಲ್ಲ. ಆಮೇಲೆ ನೋಡಿ ನೀರು ಚೆಲ್ಲಿದ್ವಿ. ಸಾಹುಕಾರ್ರು ಚೆನ್ನಾಗಿ ಒರೆಸಿ ಬಿಸಿಲಿಗಿಡಿ ಅಂದ್ರು, ಒರೆಸಿಟ್ವಿ."

ದೊಡ್ಡಪ್ಪನ ಮಗ ಜಗಲಿಯಲ್ಲಿದ್ದ. ನಾನು ಕಾಗದದ ಪೊಟ್ಟಣವನ್ನು ಅವನ ಮುಂದಿನ ಮೇಜಿನ ಮೇಲೆ ಬಿಚ್ಚಿದೆ. ಚೂರುಗಳನ್ನು ನೋಡಿ ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ನೀರು ನಿಂತದ್ದನ್ನು ಹೇಳಬೇಕಿತ್ತೆಂದೆ. ಅವನು ಮನಸಾರೆ ಆಶ್ಚರ್ಯಪಟ್ಟ.

"ಅಲ್ಲ, ಕಲ್ಲು ನೆನೆದ್ರೆ ಎಂತ ಆಗ್ತದೆ ಮಾರಾಯ? ಹೊಳೇಲಿ ಬಿದ್ದಿರೋದಿಲ್ವಾ?"

ಅವನ ಹೆಂಡತಿ ಕಾಫಿ ತಂದಿಟ್ಟರು. ನಾನು ಕುಡಿಯದೆ ಎದ್ದು ಬಂದೆ. ಕಾಫಿಯಾದರೆ ನೆನೆದು ಮತ್ತೆ ಒಣಗಿದರೂ ಅದರ ರುಚಿಯೇ ಚಾಡಿ ಹೇಳುತ್ತದೆಂದು ಅವನಿಗೆ ಗೊತ್ತು. ಒಂದು ಚೀಲ ನೆನೆದಿದ್ದರೂ ಕ್ಯೂರಿಂಗ್ ವರ್ಕ್ಸಿನವರಿಗೆ ಹೇಳದೆ ಕಳಿಸುತ್ತಿರಲಿಲ್ಲ. ನಮ್ಮ ವಸ್ತುವಿಗೆ ಆ ಮರ್ಯಾದೆ ಇರಲಿಲ್ಲ, ಅಷ್ಟೇ. ಅಂದಿನಿಂದ ಅವನ ಮನೆಯ ಹೊಸಿಲನ್ನು ನಾನು ತುಳಿದಿಲ್ಲ.

ಅಕ್ಕನಿಗೆ ನನ್ನ ಈ ಹಟ ಹಿಡಿಸಲಿಲ್ಲ. "ಮಳೆ ಬಂತು ಅಂತ ಅವ್ನು ಖುಷಿಪಟ್ಟ. ಅದು ತಪ್ಪಾ?"

"ಹೇಳಬಹುದಿತ್ತಲ್ಲ?"

"ಹೇಳಬಹುದಿತ್ತು" ಎಂದು ಒಪ್ಪಿದಳು. ಆಮೇಲೆ, "ಆ ಪೊಳ್ಳು ಕಲ್ಲು ಎಲ್ಲಿ? ಬಿಸಾಕಿಲ್ಲ ತಾನೆ?" ಎಂದಳು.

ಮಣೆಯ ಕೆಳಗಿನಿಂದ ತೆಗೆದುಕೊಟ್ಟೆ. ಅವಳು ಕುತ್ತಿಗೆಯ ಬಟ್ಟೆಯ ಗಂಟು ಬಿಚ್ಚಿ, ಲಿಂಗವನ್ನು ತೆಗೆದು ಹಣೆಗೊತ್ತಿಕೊಂಡು, ಆ ಪೊಳ್ಳಿನ ಮೇಲೆ ಹಿಡಿದು ಅಳೆದಳು. ಹರಳುಗಳನ್ನು ತೇಯ್ದು ತೆಗೆದರೆ ಸರಿಯಾಗಿ ಕೂರುವಷ್ಟು ಜಾಗ. ಗಟ್ಟಿ ಕಲ್ಲಿನಲ್ಲಿ ನಾನು ಕೊರೆದು ಕೊರೆದು ಮಾಡಬೇಕಾಗಿದ್ದ ಜಾಗ ಅದರಲ್ಲಿ ಮೊದಲೇ ಇತ್ತು.

"ಇದನ್ನ ಸುಡೋದು ಬೇಡ. ಒಣಗಿಸೋದೂ ಬೇಡ, ಯಾರ ಕಣಕ್ಕೂ ಕಳಿಸೋದು ಬೇಡ" ಎಂದಳು.

"ಬೂದು ಬಣ್ಣವೇ ಉಳೀತದೆ ಹಾಗಾದ್ರೆ."

"ನಮ್ಮ ಅಂಗಡೀಲಿ ಅಪ್ಪ ಏನು ಮಾರ್ತಿದ್ರು? ವಿಭೂತಿ ಬೂದು ಅಲ್ವಾ?"

ಆ ಬೇಸಿಗೆ ಪೂರ್ತಿ ನಾನು ಅದಕ್ಕೆ ರೂಪ ಕೊಟ್ಟೆ. ಪೊಳ್ಳಿನ ಭಾಗ ಕೆಳಗಿನ ಬಟ್ಟಲಾಯಿತು. ಅದರ ಭುಜದಿಂದ ಕೊಯ್ದ ತುಂಡು ಮುಚ್ಚಳವಾಯಿತು. ಕಿವಿಗಳ ರಂಧ್ರ ಕೊರೆಯುವಾಗ, ಎಲ್ಲಿ ಬಿರಿಯುವುದೋ ಎಂದು ಅಕ್ಕ ಮುಖ ಅತ್ತ ತಿರುಗಿಸಿಕೊಂಡಿದ್ದಳು. ಗೋಡೆ ಎಷ್ಟು ತೆಳುವಾಯಿತೆಂದರೆ ದೀಪದ ಮುಂದೆ ಹಿಡಿದಾಗ ಒಳಗಿಟ್ಟ ಬೆರಳಿನ ನೆರಳು ಹೊರಗೆ ಕಂಡಿತು. ಮಳೆ ಹಿಡಿಯುವ ಹೊತ್ತಿಗೆ ಅವಳ ಕೈಗೆ ಕೊಟ್ಟೆ.

ವೈದ್ಯರು ಚಕ್ರದ ಬಳಿ ಕೂರಬೇಡಿ ಎಂದಿದ್ದರು. ಅವಳು ಚಕ್ರವನ್ನು ಬಿಟ್ಟು, ಚರ್ಮದ ಪಟ್ಟಿಯನ್ನು ತೊಡೆಯ ಮೇಲೆ ಹಾಸಿಕೊಂಡು ಕೈಯಲ್ಲೇ ಉಜ್ಜಿದಳು. ಸ್ವಲ್ಪ ಉಜ್ಜಿ ಗೋಡೆಗೆ ಒರಗುವಳು, ಉಸಿರು ಬಂದ ಮೇಲೆ ಮತ್ತೆ ಉಜ್ಜುವಳು. ಪಟ್ಟಿ ಒಣಗದಂತೆ ನೀರು ಹನಿಸುವುದು ನನ್ನ ಕೆಲಸವಾಗಿತ್ತು. ಹೊರಗೆ ಆಷಾಢದ ಮಳೆ ಸುರಿಯುತ್ತಿತ್ತು. ಕ್ಯೂರಿಂಗ್ ವರ್ಕ್ಸಿನ ಯಂತ್ರಗಳು ನಿಂತಿದ್ದವು. ಓಣಿಯಲ್ಲಿ ಅವಳ ಕೈಯ ಸದ್ದು ಮತ್ತು ಅವಳ ಕೆಮ್ಮು ಎರಡೇ. ಬೂದು ಗೆರೆಗಳು ಒಂದೊಂದಾಗಿ ಕಣ್ಣುಬಿಟ್ಟವು, ಸ್ನಾನದ ನಂತರ ಹಣೆಯ ಮೇಲೆ ಮೂರು ಬೆರಳುಗಳಿಂದ ಎಳೆದ ವಿಭೂತಿಯಂತೆ.

ಶ್ರಾವಣದ ಒಂದು ಸೋಮವಾರ ಅವಳು ಪಟ್ಟಿಯನ್ನು ಮಡಿಸಿಟ್ಟಳು.

"ಆಯ್ತಾ?" ಎಂದೆ.

"ನನ್ನ ಪ್ರಕಾರ ಆಯ್ತು."

"ಕೊಡು, ಊದ್ತೀನಿ. ಇವತ್ತೇ ಧರಿಸ್ಕೋ."

ಅವಳು ಕರಡಿಗೆಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಮಳೇಲಿ ಊದಿ ನಂಗೆ ಸುಳ್ಳು ಹೇಳ್ಬೇಡ. ಬಿಸಿಲು ಬರ್ಲಿ."

"ನಿನಗೆ ನೀನು ಮಾಡ್ಕೊಂಡದ್ದು, ಅದಕ್ಕೂ ನಿಯಮವಾ?"

"ಬೇರೆಯವ್ರದ್ದಕ್ಕೆ ಇತ್ತಲ್ಲ?"

ಅವಳು ಅದನ್ನು ದೇವರ ಗೂಡಿನಲ್ಲಿ, ಅಪ್ಪನ ಕಾಲದ ವಿಭೂತಿ ಗಟ್ಟಿಗಳ ಪಕ್ಕದಲ್ಲಿ ಇಟ್ಟಳು. ಬೆಳಿಗ್ಗೆ ಏಳುತ್ತಲೇ ಕಿಟಕಿಯಿಂದ ಆಕಾಶ ನೋಡುವಳು. ಆ ವರ್ಷ ಶ್ರಾವಣ ಬಿಡುವು ಕೊಡಲಿಲ್ಲ. ಬಿಸಿಲಿಗಾಗಿ ಅಷ್ಟು ಕಾತರಿಸಿದವರನ್ನು ಈ ಊರಿನಲ್ಲಿ ನಾನು ಕಂಡಿಲ್ಲ. ಕಾಫಿ ಒಣಗಿಸುವವರಲ್ಲೂ ಕಂಡಿಲ್ಲ. ಭಾದ್ರಪದ ಹುಟ್ಟುವ ಮೊದಲೇ, ಒಂದು ಮುಂಜಾನೆ, ಗೋಡೆಗೆ ಒರಗಿ ಕುಳಿತಲ್ಲೇ ಅವಳ ಉಸಿರು ನಿಂತಿತು. ಎದೆಯ ಮೇಲೆ ಬಟ್ಟೆಯ ಗಂಟು ಹಾಗೆಯೇ ಇತ್ತು.

ಸಮಾಧಿಗೆ ನೆಂಟರೆಲ್ಲ ಬಂದರು. ಮೂಡಿಗೆರೆಯ ಕಡೆಯಿಂದ ಯಾರೂ ಬರಲಿಲ್ಲ. ನಾನು ಹೇಳಿಯೂ ಕಳಿಸಿರಲಿಲ್ಲ. ದೊಡ್ಡಪ್ಪನ ಮಗ ಬಂದಿದ್ದ, ಎಲ್ಲರಿಗಿಂತ ಮೊದಲೇ ಬಂದು ಕೆಲಸಗಳಿಗೆ ನಿಂತಿದ್ದ. ಅದನ್ನೂ ನಾನು ಮರೆತಿಲ್ಲ. ಗುಂಡಿಯ ಮೇಲೆ ಟಾರ್ಪಾಲು ಕಟ್ಟಿಸಿದವನು ಅವನೇ. ಮಳೆ ನಿಂತಿತ್ತು, ಮರಗಳು ಮಾತ್ರ ತೊಟ್ಟಿಕ್ಕುತ್ತಿದ್ದವು.

ಕ್ರಿಯೆ ನಡೆಸುತ್ತಿದ್ದ ಅಯ್ಯನವರು ಅಕ್ಕನ ಬಟ್ಟೆಯ ಗಂಟು ಬಿಚ್ಚಿ ಲಿಂಗವನ್ನು ಅವಳ ಎಡಗೈಯಲ್ಲಿಟ್ಟರು. ಆಗ ನಾನು ಅಂಗಿಯ ಜೇಬಿನಿಂದ ಕರಡಿಗೆಯನ್ನು ತೆಗೆದೆ. ಹೊಸ ಶಿವದಾರ ಪೋಣಿಸಿ ತಂದಿದ್ದೆ. ಸುತ್ತ ನಿಂತವರು ನೋಡಲು ಮುಂದಕ್ಕೆ ಬಾಗಿದರು. ಮೋಡದ ಬೆಳಕಿನಲ್ಲೂ ಅದು ಒಳಗೆ ದೀಪವಿದ್ದಂತೆ ಕಾಣುತ್ತಿತ್ತು. ಕಲ್ಲಿಗೆ ಯಾರು ಕೈ ಚಾಚುತ್ತಾರೆ ಎಂದು ಅಕ್ಕ ಲೆಕ್ಕ ಹಾಕಿದ್ದಳಲ್ಲ, ತನ್ನ ಕೈಯ ಮೆರುಗನ್ನು ಅವಳು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಕರಡಿಗೆ ಹಾಕೋದಿಲ್ಲ, ತೆಗೀತಾರೆ," ಎಂದರು ಅಯ್ಯನವರು. "ಲಿಂಗ ಅಂಗೈಗೆ ಬಂತಲ್ಲ. ಖಾಲಿ ಕರಡಿಗೆ ಯಾಕೆ?"

"ಖಾಲಿಯಾದ್ರೂ ಅವಳದು. ಲಿಂಗವೂ ಅವಳದು, ಕರಡಿಗೆಯೂ ಅವಳದು" ಎಂದೆ.

ದೊಡ್ಡಪ್ಪನ ಮಗ ಹತ್ತಿರ ಬಂದು ದನಿ ತಗ್ಗಿಸಿದ. ಅವನ ಕಣ್ಣು ಒದ್ದೆಯಾಗಿತ್ತು. ಕೈ ಮಾತ್ರ ಮುಂದೆ ಚಾಚಿತ್ತು. "ಇಂಥದ್ದನ್ನ ಮಣ್ಣು ಮಾಡ್ಬೇಡ ಮಾರಾಯ. ಅಕ್ಕನ ನೆನಪಿಗೆ ಮನೇಲಿ ಇಟ್ಕೊಳ್ಳೋಣ. ಈ ಒದ್ದೆ ಮಣ್ಣಲ್ಲಿ ನೆನೆದು ನೆನೆದು ಹಾಳಾಗ್ತದೆ."

"ಕಲ್ಲು ನೆನೆದ್ರೆ ಎಂತ ಆಗ್ತದೆ?" ಎಂದೆ.

ಅವನ ಕೈ ಹಿಂದಕ್ಕೆ ಹೋಯಿತು. ಅಯ್ಯನವರು ನನ್ನನ್ನೂ ಅವನನ್ನೂ ನೋಡಿ, ಬಿಲ್ವಪತ್ರೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ನನಗೆ ದಾರಿ ಬಿಟ್ಟರು.

ಗುಂಡಿಗೆ ಇಳಿದು ಅಕ್ಕನ ಮುಂದೆ ಮಂಡಿಯೂರಿದೆ. ದಾರ ಕಟ್ಟುವ ಮೊದಲು, ಅಭ್ಯಾಸಬಲದಿಂದ, ಕರಡಿಗೆಯನ್ನು ಬಾಯಿಯ ಹತ್ತಿರ ತಂದೆ. ಎದೆಯಲ್ಲಿ ಉಸಿರು ತುಂಬಿಕೊಂಡೂ ಆಗಿತ್ತು. ಸುತ್ತಲಿನ ಗಾಳಿ ನೀರಿನಂತೆ ಇತ್ತು. ಟಾರ್ಪಾಲಿನ ಅಂಚಿನಿಂದ ಹನಿಗಳು ಬೀಳುತ್ತಿದ್ದವು. ಉಸಿರನ್ನು ಮುಖ ಅತ್ತ ತಿರುಗಿಸಿ ಬಿಟ್ಟೆ. ಕರಡಿಗೆಯನ್ನು ಅವಳ ಕುತ್ತಿಗೆಗೆ ಕಟ್ಟಿ, ದಾರ ಬಿಗಿದು, ಮುಚ್ಚಳ ಕಚ್ಚಿಕೊಂಡದ್ದನ್ನು ಬೆರಳಿನಿಂದ ಮುಟ್ಟಿ ನೋಡಿ ಮೇಲೆ ಬಂದೆ.

ಊದಿ ನೋಡದೆ ನಮ್ಮ ಅಂಗಡಿಯ ಹೊಸಿಲು ದಾಟಿದ ವಸ್ತು ಅದೊಂದೇ.